ಪಾಸ್ತಾಕ್ಕೆ ಪರಿಷೇಚನೆ

ಕಾಮಕಸ್ತೂರಿಯ ಎಲೆಯನ್ನು ಚಾಕುವಿನಿಂದ ಕತ್ತರಿಸಿದರೆ ಅಂಚು ಕಪ್ಪಾಗುತ್ತದೆ. ಬೆರಳಿನಿಂದ ಹರಿದರೆ ಅಷ್ಟಾಗುವುದಿಲ್ಲ. ಪಕ್ಕದ ಮನೆಯವರು ಕೊಟ್ಟ ಒಂದು ಹಿಡಿ ಎಲೆಯನ್ನು ಹಾಗೆ ಹರಿಯುತ್ತ ನಿಂತಾಗ, ಇದನ್ನು ಹೇಳಿಕೊಟ್ಟ ಭದ್ರಾವತಿಯ ಸ್ಟೆಲ್ಲಾ ಆಂಟಿ ನೆನಪಾದರು.

ನಾನಾಗ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಆಂಟಿ ಬಹಳ ವರ್ಷ ಇಟಲಿಯ ಸಿಸ್ಟರುಗಳಿದ್ದ ಕಾನ್ವೆಂಟಿನಲ್ಲಿ ಅಡುಗೆಗಿದ್ದವರು. ಆಮೇಲೆ ತಮ್ಮ ಮನೆಯ ಹಾಲಿನಲ್ಲೇ ನಾಲ್ಕು ಮೇಜು ಹಾಕಿ 'ಇಟಲಿ ಮನೆಯೂಟ' ಎಂದು ಬೋರ್ಡು ಬರೆಸಿದರು. ಇದನ್ನು ಇಲ್ಲಿ ಯಾರು ತಿಂದಾರು ಎಂದುಕೊಂಡಿದ್ದೆ. ಕಾರ್ಖಾನೆಯ ಶಿಫ್ಟು ಮುಗಿಸಿ ಬಂದವರು ಪಾಸ್ತಾಕ್ಕೆ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು.

ಅಲ್ಲಿಗೆ ಅಪ್ಪನನ್ನು ಕರೆದೊಯ್ದದ್ದರ ಹಿಂದೆ ನನ್ನದೊಂದು ಉಪಾಯವಿತ್ತು. ನನಗೆ ಬಂದಿದ್ದ ಸಂಬಂಧವೊಂದಕ್ಕೆ ಅಪ್ಪ ಮರುದಿನ ಫೋನಿನಲ್ಲಿ ಒಪ್ಪಿಗೆ ತಿಳಿಸುವವರಿದ್ದರು. ಹುಡುಗ ಒಳ್ಳೆಯವನೇ. ಬೇಡವೆನ್ನಲು ನನ್ನ ಬಳಿ ಕಾರಣವಿರಲಿಲ್ಲ. ಬೇಡ ಎಂಬುದಷ್ಟೇ ಇತ್ತು. ಕೋಟೆ ಬೀದಿಯ ನಮ್ಮ ಮನೆ ತುಂಬ ಜನ. ಇಂಥದ್ದನ್ನು ಹೇಳಲು ಒಂದು ಮೂಲೆಯೂ ಸಿಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಹೇಳೋಣವೆಂದರೆ, ಸಂಸ್ಕೃತದ ಮೇಷ್ಟ್ರಾದ ಅಪ್ಪ ಎಲೆಯ ಸುತ್ತ ನೀರು ಬಿಟ್ಟು ಪರಿಷೇಚನೆ ಮಾಡಿದರೆಂದರೆ ಏಳುವ ತನಕ ಮೌನ. ತಿಂಡಿಗೆ ಮಾತ್ರ ಆ ನಿಯಮವಿಲ್ಲ. ಉಪ್ಪಿಟ್ಟಿನ ಮುಂದೆ ಅವರಷ್ಟು ಮಾತುಗಾರರಿಲ್ಲ. ಅನ್ನವಿಲ್ಲದ ಪಾಸ್ತಾ ತಿಂಡಿಯೇ ತಾನೇ? ನಗಬೇಡಿ, ಸ್ನಾತಕೋತ್ತರ ಬುದ್ಧಿ ಹೀಗೆ ಕೆಲಸ ಮಾಡಿತ್ತು. ಆಂಟಿಯ ಮಗಳು ಅಪ್ಪನ ವಿದ್ಯಾರ್ಥಿನಿಯಾಗಿದ್ದವಳು. ಹಾಗಾಗಿ ಅವರು ಹೆಚ್ಚು ಯೋಚಿಸದೆ ಹೊರಟರು.

"ಬನ್ನಿ ಸಾರ್! ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೊಟ್ಟೆ ಮುಟ್ಟೇ ಇಲ್ಲ. ನಮ್ ಸಿಸ್ಟರ್ ನೋಡಿದ್ರೆ ನನ್ನನ್ನೇ ಅಡುಗೆಮನೆಯಿಂದ ಓಡಿಸ್ತಿದ್ರು," ಎಂದರು ಆಂಟಿ.

ಅಪ್ಪ ತಟ್ಟೆಯಿಂದ ಒಂದು ಎಲೆ ಎತ್ತಿ ಮೂಸಿದರು. "ಕಾಮಕಸ್ತೂರಿ ಅಲ್ವೇನಮ್ಮ ಇದು? ಮಾಲೆ ಕಟ್ಟೋದನ್ನ ಗೊಜ್ಜಿಗೆ ಹಾಕಿದ್ದೀರಲ್ಲ!" ಆಮೇಲೆ ತುಸು ಗಂಭೀರವಾಗಿ ಕೇಳಿದರು: "ಇದು ಊಟವೋ, ತಿಂಡಿಯೋ?"

"ಊಟನೇ ಸಾರ್. ಅವ್ರಿಗೆ ಮಧ್ಯಾಹ್ನಕ್ಕೆ ಇದೇ."

ಅಪ್ಪ ಅಂಗೈಗೆ ನೀರು ಹಾಕಿಕೊಂಡು ಪಿಂಗಾಣಿ ತಟ್ಟೆಯ ಸುತ್ತ ಬಿಟ್ಟರು. ನೀರು ಮೇಜಿನ ಗಾಜಿನ ಮೇಲೆ ಹರಿದು ಫೋರ್ಕಿನ ಕೆಳಗೆ ಹೋಯಿತು. ಅಲ್ಲಿಗೆ ಅವರ ಮಾತು ನಿಂತಿತು, ನನ್ನ ಉಪಾಯವೂ.

ನಾನೂ ಫೋರ್ಕು ಎತ್ತಿ ತಿನ್ನತೊಡಗಿದೆ. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು: ಮಾತಾಡಬಾರದವರು ನಡುವೆ ಬಾಯಿ ಹಾಕುವಂತೆಯೂ ಇಲ್ಲ. "ಅಪ್ಪ, ಆ ಸಂಬಂಧ ನನಗೆ ಬೇಡ," ಎಂದೆ. ಅವರ ಕೈ ತಟ್ಟೆಯ ಮೇಲೇ ನಿಂತಿತು. ಮುಂದೆ ಏನೇನು ಹೇಳಿದೆನೆಂದು ಈಗ ಬರೆಯುವುದಿಲ್ಲ. ಅರ್ಧದಲ್ಲಿ ಆಂಟಿ ಬಡಿಸಲು ಬಂದರು, ನಾನು ಮಾತು ನಿಲ್ಲಿಸಿದೆ. ಅಪ್ಪ ಅವರಿಗೆ ಬೇಡವೆಂದು ಕೈ ಅಡ್ಡ ಹಿಡಿದು, ನನ್ನ ಕಡೆ ತಿರುಗಿ, ಮುಂದುವರಿಸು ಎಂಬಂತೆ ತಲೆಯಾಡಿಸಿದರು.

ಕೈ ತೊಳೆದು ಬಂದ ಮೇಲೆ ಅವರು ಬಾಯಿಬಿಟ್ಟರು. "ಇಷ್ಟು ಹೊತ್ತು ಮಾತಾಡಿದೆ. ಕಾರಣ ಒಂದೂ ಹೇಳಲಿಲ್ಲ."

"ಇಲ್ಲ ಅಪ್ಪ."

"ಹುಡುಕೋಕೆ ಹೋಗ್ಬೇಡ. ಇಲ್ಲದ್ದನ್ನ ಹುಡುಕಿದ್ರೆ ಆ ಹುಡುಗನ ತಲೆ ಮೇಲೆ ಏನಾದ್ರೂ ತಪ್ಪು ಹೊರಿಸ್ತೀಯ." ಪಂಚೆಯ ತುದಿಗೆ ಕೈ ಒರೆಸಿಕೊಂಡರು. "ಅವರಪ್ಪನಿಗೆ ನಾನು ಹೇಳ್ತೀನಿ. ಹುಡುಗನಿಗೆ ನೀನೇ ಹೇಳು."

ಇದಕ್ಕಿಂತ ಬೈಸಿಕೊಳ್ಳುವುದೇ ಸುಲಭವಿತ್ತು. ಮನೆಗೆ ಮರಳುವ ಬಸ್ಸು ಮಾಚೇನಹಳ್ಳಿ ದಾಟುವವರೆಗೂ ಹುಡುಗನಿಗೆ ಹೇಳಲು ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ: ಇನ್ನೂ ಓದಬೇಕು, ಆರೋಗ್ಯ ಸರಿಯಿಲ್ಲ. ಎಲ್ಲವೂ ಚೆನ್ನಾಗಿದ್ದವು, ಎಲ್ಲವೂ ಸುಳ್ಳು.

ಮರುದಿನ ಬೆಳಿಗ್ಗೆ ಎಸ್‌ಟಿಡಿ ಬೂತಿನ ಬಾಗಿಲು ಎಳೆದುಕೊಂಡು ನಂಬರು ಒತ್ತಿದೆ. ಅವನೇ ಎತ್ತಿದ. ಹೆಸರು ಹೇಳಿ, "ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ನನಗೆ ಮನಸ್ಸಿಲ್ಲ," ಎಂದೆ. ಆಮೇಲೆ ಫೋನು ಇಡದೆ, ಅವನು ಹೇಳುವುದೆಲ್ಲ ಮುಗಿಯುವ ತನಕ ಕೇಳುತ್ತ ನಿಂತೆ.