ಬಲಗೆನ್ನೆಯ ಕ್ರೀಮು, ಎಡಗೆನ್ನೆಯ ಕ್ರೀಮು

ಕನ್ನಡಿಯಲ್ಲಿ ಕಂಡಾಗ ಮೊದಲು ಕನ್ನಡಕದ ಮೇಲಿನ ಕಲೆ ಅಂದುಕೊಂಡೆ. ಕನ್ನಡಕ ತೆಗೆದೆ. ಕಲೆ ಹೋಗಲಿಲ್ಲ.

ಕೆಲವೇ ತಿಂಗಳಲ್ಲಿ ಎರಡೂ ಕೆನ್ನೆಗಳ ಮೇಲೆ ಕಂದು ನಕಾಶೆ ಹರಡಿತು. ಮೆಲಾಸ್ಮಾ, ಅಂದರು ಸ್ಕಿನ್ ಡಾಕ್ಟರ್. ನೋವಿಲ್ಲ, ತುರಿಕೆಯಿಲ್ಲ, ಎಪ್ಪತ್ತೊಂದರ ವಯಸ್ಸಿನಲ್ಲಿ ಹೇಳಿಕೊಂಡರೆ ನಗುವವರೇ ಜಾಸ್ತಿ. ಆದರೆ ಇಲ್ಲಿ ಪುಣೆಯ ಕಾಯಿಪಲ್ಯದವಳು "ಬಿದ್ದಿರಾ ಆಜಿ?" ಅಂತ ಮರಾಠಿಯಲ್ಲಿ ಮರುಗಿದ ದಿನದಿಂದ ನನ್ನ ಈವ್ನಿಂಗ್ ವಾಕ್ ನಿಂತಿತು.

ಹೊಸ ಎನ್‌ಝೈಮ್ ಕ್ರೀಮಿನ ಟ್ರಯಲ್ ಇದೆ, ಸೇರುತ್ತೀರಾ ಅಂತ ಡಾಕ್ಟರ್ ಕೇಳಿದರು. ಎರಡು ಟ್ಯೂಬು. ಒಂದು ಕೆನ್ನೆಗೆ ಔಷಧ, ಇನ್ನೊಂದಕ್ಕೆ ಬರೀ ಕ್ರೀಮು. ಯಾವುದು ಯಾವುದೆಂದು ಅವರಿಗೂ ಗೊತ್ತಿಲ್ಲ, ನನಗೂ ಇಲ್ಲ. ಅವರು ಕೊಟ್ಟದ್ದನ್ನು ಬಿಟ್ಟು ಮುಖಕ್ಕೆ ಬೇರೇನೂ ತಾಗಿಸಬಾರದು. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ಕರ್ಸಿವ್‌ನಲ್ಲಿ ಪ್ರತಿ ಪುಟಕ್ಕೂ ಸಹಿ ಹಾಕಿದೆ.

"ಅತ್ತೀ, ಎಡಕ್ಕ ಎಡದ್ದ ಹಚ್ಚಿದ್ರಿಲ್ಲೋ?" ಸೊಸೆ ರೇಖಾ ದಿನಾ ಕೇಳುವಳು.

"ಪರೀಕ್ಷಾ ನಂದು. ನೀ ಏನ್ ಇನ್ವಿಜಿಲೇಟರ್ ಏನವಾ?"

ಆರನೆಯ ವಾರ ಬಲಗೆನ್ನೆ ತಿಳಿಯಾಯಿತು.

ಮತ್ತೆ ವಾಕಿಂಗ್ ಹೊರಟೆ. ಹೆಂಗಸರು ಕೂರುವ ಬೆಂಚು ಸದಾ ನನ್ನ ಬಲಕ್ಕೇ ಬರುವ ಹಾಗೆ ಸುತ್ತು ಹಾಕುತ್ತಿದ್ದೆ. ವ್ಯಾನಿಟಿ, ಐ ನೋ!

ಅಷ್ಟರಲ್ಲಿ ಸಂಕ್ರಾಂತಿ. ಪುಣೆಯಲ್ಲಿ ರಥಸಪ್ತಮಿಯವರೆಗೂ ಮನೆಮನೆಯಲ್ಲಿ ಅರಿಶಿಣ-ಕುಂಕುಮ. ಯಜಮಾನರು ಹೋದಮೇಲಿನ ಒಂಬತ್ತು ವರ್ಷ ನನ್ನನ್ನು ಬೇಡ ಅಂದವರಿಲ್ಲ, ಕರೆದವರೂ ಇಲ್ಲ. ಈ ಸಲ ಮೇಲಿನ ಫ್ಲ್ಯಾಟಿನ ಮಂಜಿರಿ ಬಾಗಿಲಿಗೇ ಬಂದಳು. "ಕಾಕು, ಈ ವರ್ಷ ನಮ್ಮನೆಗೆ ಎಲ್ಲ ಹೆಂಗಸರೂ. ನೀವು ಮೊದಲು," ಅಂದಳು ತನ್ನ ಮರಾಠಿಯಲ್ಲಿ.

ಹೋದೆ. ನನ್ನ ಸರದಿ ಬಂತು. ಅವಳು ಅರಿಶಿಣದಲ್ಲಿ ಬೆರಳದ್ದಿ ನನ್ನ ಮುಖದತ್ತ ಕೈ ತಂದಳು.

"ಅತ್ತೀ, ಟ್ರಯಲ್ ರೀ!" ಹಿಂದಿನಿಂದ ರೇಖಾ.

ಸಾರಿ, ಟ್ರೀಟ್‌ಮೆಂಟ್ ನಡೆದಿದೆ — ಇಷ್ಟು ಅಂದಿದ್ದರೆ ಸಾಕಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ಎರಡೂ ಕೆನ್ನೆ ತಣ್ಣಗಾದವು.

ಮರುದಿನವೇ ಹಾಸ್ಪಿಟಲ್ ವಿಸಿಟ್. "ಮುಖಾ ತೊಳಕೊಂಡ್ರ ಆತು, ಯಾರಿಗೆ ತಿಳೀತದ?" ಅಂದಳು ರೇಖಾ. ಸಹಿ ಹಾಕಿದವಳು ನಾನು. ಹೇಳಿಬಿಟ್ಟೆ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಇನ್ನು ಯಾವುದರಿಂದ ಏನಾಯಿತೆಂದು ಹೇಳಲಾಗದು, ನಿಮ್ಮನ್ನು ಟ್ರಯಲ್‌ನಿಂದ ತೆಗೆಯಬೇಕಾಗುತ್ತದೆ ಅಂದರು. ಕ್ರೀಮು ನಿಂತರೆ ಕಪ್ಪು ಮರಳಿ ಬರಬಹುದು.

"ಬೇಡ ಅನ್ನಬಹುದಿತ್ತಲ್ಲ, ಆಜಿ?"

"ಅನ್ನಬಹುದಿತ್ತು, ಡಾಕ್ಟರ್. ಬಟ್ ಐ ವಾಂಟೆಡ್ ಇಟ್."

ಅವರು ನಕ್ಕರು. ಕಿವಿಯ ಬಳಿ ಉಳಿದಿದ್ದ ಹಳದಿಯನ್ನು ಹತ್ತಿಯಿಂದ ತಾವೇ ಒರೆಸಿ ಕೊನೆಯ ಫೋಟೋ ತೆಗೆದರು. ಸನ್‌ಸ್ಕ್ರೀನ್ ಬರೆದುಕೊಟ್ಟು, ಬಿಸಿಲಿಗೆ ಟೋಪಿ ಹಾಕಿ ಅಂದರು. ಟ್ಯೂಬುಗಳನ್ನು ಅಲ್ಲೇ ಬಿಟ್ಟು ಬಂದೆ. ಬೇಜಾರಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಸದ್ಯಕ್ಕೆ ಬಲಗೆನ್ನೆ ತಿಳಿಯಾಗಿಯೇ ಇದೆ, ಎಷ್ಟು ದಿನವೋ.

ರಥಸಪ್ತಮಿಯೊಳಗೆ ಇನ್ನೂ ಮೂರು ಮನೆಗಳಿಂದ ಕರೆ ಬಂತು. ಮೂರಕ್ಕೂ ಹೋಗಿ, ಎರಡೂ ಕೆನ್ನೆ ಒಡ್ಡಿ ಬಂದೆ.