ಚಿಕ್ಕಮ್ಮನ ಪರೀಕ್ಷೆಗೆ ನಾನೇ ಮಗು

ಕೈಯಿಲ್ಲ, ಆದರೂ ಕಿವಿ ಹಿಂಡುತ್ತೆ. ಬಾಯಿಲ್ಲ, ಆದರೂ ದಡ್ಡ ಅನ್ನುತ್ತೆ. ಏನದು? ನಿಮಗೆ ಗೊತ್ತಾಗಲ್ಲ ಬಿಡಿ, ನೀವೆಲ್ಲ ಸರಾಗವಾಗಿ ಓದುವವರು. ಅದು ಸ್ಟಾಪ್‌ವಾಚ್.

ನಮ್ಮ ಚಿಕ್ಕಮ್ಮ ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಟೀಚರ್. ಓದಲು ಕಷ್ಟಪಡುವ ಮಕ್ಕಳಿಗೆ ಕಲಿಸುವುದು ಹೇಗೆ ಅಂತ ಬಿ.ಎಡ್ ಆದಮೇಲೆ ಇನ್ನೊಂದು ಡಿಪ್ಲೊಮಾ ಮಾಡುತ್ತಿದ್ದಳು. ಪ್ರಾಕ್ಟಿಕಲ್‌ಗೆ ಒಂದು ಮಗು ಬೇಕಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಹಿಡಿದಳು. ಮೀಸೆ ಮೂಡಿದ್ದರೂ ಫಾರಂನಲ್ಲಿ ನಾನು ಮಗುವೇ. ಆರು ತಿಂಗಳು ಕಲಿಸಿದಳು. ನಾನೆಷ್ಟು ಓದುತ್ತೇನೋ ಅಷ್ಟು ಅವಳ ಮಾರ್ಕ್ಸು.

ಪರೀಕ್ಷೆ ಮಾಡಲು ಬಂದ ಮೇಡಂ ನನಗೆ ಹಿಂದಿ ಪಾಠ ಕೊಟ್ಟು ವಾಚ್ ಒತ್ತಿದರು. ನಾನು ಮೂರನೇ ಸಾಲಿನಲ್ಲಿದ್ದಾಗಲೇ, "ಬಸ್ ಬೇಟಾ, ಟೈಮ್ ಖತಮ್."

ಚಿಕ್ಕಮ್ಮನ ಮುಖ ಸಣ್ಣದಾಯಿತು. ನನಗೆ ಸಿಟ್ಟು ಬಂತು. ಅವಳ ಬ್ಯಾಗಿನಿಂದ ಊರಿಂದ ಬಂದಿದ್ದ ಗೃಹಪ್ರವೇಶದ ಕನ್ನಡ ಆಮಂತ್ರಣ ಪತ್ರಿಕೆ ತೆಗೆದು ಮೇಡಂ ಮುಂದಿಟ್ಟು, ವಾಚ್ ನಾನೇ ಒತ್ತಿದೆ.

"ಓದಿ ಮೇಡಂ. ಒಂದೇ ನಿಮಿಷ."

"ಲೋ, ಸುಮ್ಮನಿರೋ!" ಅಂದಳು ಚಿಕ್ಕಮ್ಮ.

"ನನಗೆ ಈ ಲಿಪಿ ಬರಲ್ಲ," ಅಂದರು ಮೇಡಂ ಹಿಂದಿಯಲ್ಲಿ.

"ನನಗೂ ನಿಮ್ಮ ಅಕ್ಷರ ಹೀಗೇ ಕಾಣುತ್ತಿತ್ತು. ಲಿಪಿ ಬರಲ್ಲ ಅಂತ ಯಾರೂ ಅನ್ನಲಿಲ್ಲ, ದಡ್ಡ ಅಂದರು. ಈಗ ಇವಳು ಕಲಿಸಿದ್ದಾಳೆ, ಓದುತ್ತೇನೆ. ನಿಧಾನಕ್ಕೆ ಓದುತ್ತೇನೆ. ಕೂತು ಕೇಳಿ."

ಮೇಡಂ ವಾಚನ್ನು ಪರ್ಸಿಗೆ ಹಾಕಿದರು. ಇಡೀ ಪುಟ ಕೇಳಿ ಚಿಕ್ಕಮ್ಮನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟರು.

ಈ ಕೊನೆ ನಾನು ಕಟ್ಟಿದ್ದು. ನಿಜಕ್ಕೂ ಅವರು ಮತ್ತೆ ವಾಚ್ ಒತ್ತಿದರು. ಟೈಮ್ ಮುಗಿದ ಮೇಲೂ ನಾನು ಪುಟ ಮುಗಿಸಿಯೇ ಎದ್ದೆ. ಮಾರ್ಕ್ಸ್ ಇನ್ನೂ ಬಂದಿಲ್ಲ.