ಭಾಗಮ್ಮ ಕೂ ಹಾಕದ ದಿನ

ಭಾಗಮ್ಮನ ಬಾಯಿಯ ಬಗ್ಗೆ ಒಳ್ಳೆಯ ಮಾತಾಡಿದವರನ್ನು ನಾನು ಈವರೆಗೆ ಕಂಡಿಲ್ಲ. ಗೋಣಿಬೀಡಿನ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಅವಳು ಮಾತಾಡಿದರೆ ಡ್ರೈವರ್ ಮುಂದಿನಿಂದ ಉತ್ತರ ಕೊಡುತ್ತಾನೆ. ಎಸ್ಟೇಟಿನ ಕೂಲಿ ಲೈನಿನಲ್ಲಿ ಅವಳದೂ ನನ್ನದೂ ಅಕ್ಕಪಕ್ಕದ ಮನೆ. ಕಾಫಿ ಕುಯ್ಯುವಾಗಲೂ ಅಕ್ಕಪಕ್ಕದ ಸಾಲು. ಮನೆಯಲ್ಲೂ ನನ್ನ ಕಿವಿಗೆ ಬಿಡುವಿಲ್ಲ, ಕೆಲಸದಲ್ಲೂ ಇಲ್ಲ.

ಆದರೆ ಅವಳು ಕೂ ಹಾಕಿದರೆ ಮಾತ್ರ ಯಾರೂ ಬೈಯುವುದಿಲ್ಲ. ನಮ್ಮ ರೋಬಸ್ಟಾ ಗಿಡಗಳು ಆಳೆತ್ತರ, ಒಳಗೆ ಹೊಕ್ಕರೆ ಪಕ್ಕದವರೇ ಕಾಣುವುದಿಲ್ಲ. ಒಬ್ಬರು ‘ಕೂ’ ಅಂದರೆ ಇನ್ನೊಬ್ಬರು ‘ಕೂ’ ಅನ್ನಬೇಕು. ಯಾರು ಎಲ್ಲಿದ್ದಾರೆ ಎಂದು ತಿಳಿಯುವುದು ಅದರಿಂದಲೇ. ಭಾಗಮ್ಮನ ಕೂ ಆಚೆ ಗುಡ್ಡದ ಎಸ್ಟೇಟಿಗೂ ಕೇಳುತ್ತದೆ. ಕೇಳಿಯೂ ಓಗೊಡದೆ ಸುಮ್ಮನಿರುವವರನ್ನು ಅವಳು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಅವಳ ಮಗಳು ಕುಸುಮಾ ಹೋಮ್‌ಸ್ಟೇ ಒಂದರಲ್ಲಿ ಅಡುಗೆ ಮಾಡುತ್ತಾಳೆ. ಅಳಿಯನ ಸುದ್ದಿ ಎತ್ತುವುದು ಬೇಡ, ನನಗೇ ಸಿಟ್ಟು ಬರುತ್ತದೆ. ಕುಸುಮಾಳ ಮಗಳು ಸಿಂಚನ, ಮೂರು ತುಂಬಿದ ಕೂಸು, ಬೆಳೆಯುತ್ತಿರುವುದು ಅಜ್ಜಿಯ ಸೆರಗಿನಲ್ಲೇ. ನಾಲಿಗೆ ತಿರುಗುವ ಮೊದಲೇ ಭಾಗಮ್ಮ ಅದಕ್ಕೆ ಕೂ ಹಾಕುವುದನ್ನು ಕಲಿಸಿದ್ದಳು.

“ಅಜ್ಜಿ ಕಾಣ್ದೆ ಹೋದ್ರೆ ಕೂ ಅನ್ನು. ನಾನು ಕೂ ಅಂದ ಕಡೆ ನೆಟ್ಟಗೆ ಬಾ. ನಾನು ಅನ್ನೋ ತನಕ ಇದ್ದಲ್ಲೇ ಕೂತಿರು, ಗೊತ್ತಾಯ್ತಾ?”

ಆ ದಿನ ಅಂಗನವಾಡಿಗೆ ರಜೆ. ಸಂಕ್ರಾಂತಿ ಮುಗಿದಿತ್ತಷ್ಟೆ. ಸ್ವೆಟರ್ ಹಾಕಿಕೊಂಡು, ಒಲೆ ಮುಂದೆ ಕೈ ಕಾಯಿಸಿಕೊಂಡು ಕೆಲಸಕ್ಕೆ ಹೊರಡುವ ಕಾಲ ಅದು. ಈ ಸಲ ಏನು ಕೇಡು ಬಂದಿತ್ತೋ, ತಿಂಡಿಯ ಹೊತ್ತಿಗೇ ಮೈಯೆಲ್ಲ ಬೆವರು. ಶೀಟಿನ ಮನೆಯೊಳಗೆ ಕೂಸನ್ನು ಬಿಟ್ಟು ಬರುವಂತಿರಲಿಲ್ಲ. ಭಾಗಮ್ಮ ಸೊಂಟದ ಮೇಲೆ ಕೂರಿಸಿಕೊಂಡೇ ಬಂದಳು.

“ಈ ಸೆಕೇಲಿ ಕೂಸನ್ನ ಎಂತಕ್ಕೆ ತಂದೆ ಮಾರಾಯ್ತಿ?” ಅಂದೆ.

“ನಿನ್ನ ತಲೆ ಮೇಲೆ ಕೂರ್ಸಕ್ಕೆ. ಸುಮ್ನೆ ಕುಯ್ಯಿ.”

ಕೆರೆಯ ಮೇಲ್ಬದಿಯ ಬಸರಿ ಮರದ ನೆರಳಿನಲ್ಲಿ ಗೋಣಿಚೀಲ ಹಾಸಿ ಕೂಸನ್ನು ಕೂರಿಸಿದಳು. ಊಟದ ತನಕ ಬರೀ ಆಟ. ಅಜ್ಜಿ ಕೂ ಅಂದರೆ ಮೊಮ್ಮಗಳು ಕೂ. ಒಮ್ಮೊಮ್ಮೆ ನಾವೆಲ್ಲ ಸೇರಿ ಕೂ ಅಂದರೆ ಕೂಸು ನಕ್ಕು ನಕ್ಕು ಚೀಲದ ಮೇಲೆ ಉರುಳುತ್ತಿತ್ತು. ಉಂಡು ಅದು ಅಲ್ಲೇ ನಿದ್ದೆ ಹೋಯಿತು. ನಾವು ಮೇಲಿನ ಸಾಲಿಗೆ ಹತ್ತಿದೆವು. ಮರದ ನೆರಳು ಸರಿದುಬಿಡುತ್ತದೆ ಎನ್ನುವುದು ಭಾಗಮ್ಮನಿಗೂ ನನಗೂ ಹೊಳೆಯಲಿಲ್ಲ. ಜನವರಿಯಲ್ಲಿ ನೆರಳು ಕಾಯುವ ಅಭ್ಯಾಸ ನಮಗೆಲ್ಲಿಂದ ಬರಬೇಕು? ಈ ತಿಂಗಳಲ್ಲಿ ನಾವು ಬಿಸಿಲು ಬೀಳುವ ಜಾಗ ಹುಡುಕಿ ಮಕ್ಕಳನ್ನು ಮಲಗಿಸುವವರು.

ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಗಿಡ್ಡಪ್ಪ ಬಗ್ಗಿಕೊಂಡು ಓಡಿ ಬಂದ, ಬೆರಳು ತುಟಿಯ ಮೇಲೆ. ಆನೆ ಕಾವಲಿನ ಉಮೇಶ ಫೋನು ಮಾಡಿದ್ದನಂತೆ. ಒಂಟಿ ಸಲಗ ಕೆರೆಯ ಕಡೆ ಇಳಿದಿದೆ. ರಾತ್ರಿ ಬಂದು ಹೋಗುವ ಆನೆ, ಸೆಕೆ ತಡೆಯದೆ ಹಗಲೇ ನೀರು ಹುಡುಕಿಕೊಂಡು ಬಂದಿತ್ತು. ಹೋದ ವರ್ಷ ಕೂಗಾಡಿದವನನ್ನು ಅಟ್ಟಿಸಿಕೊಂಡು ಹೋಗಿ ತುಳಿದದ್ದು ಇದೇ. ಇದು ಬಂದರೆ ಯಾರೂ ತುಟಿ ಬಿಚ್ಚದೆ ಗುಡ್ಡ ಹತ್ತಬೇಕು. ಎಲ್ಲರೂ ಹತ್ತಿದರು. ಭಾಗಮ್ಮ ಬಸರಿ ಮರದ ಕಡೆ ಇಳಿದಳು, ಅವಳ ಹಿಂದೆ ನಾನು, ನಮ್ಮಿಬ್ಬರ ಹಿಂದೆ ಗಿಡ್ಡಪ್ಪ.

ಗೋಣಿಚೀಲ ಸುಡು ಬಿಸಿಲಲ್ಲಿ ಬಿದ್ದಿತ್ತು. ಕೂಸು ಇರಲಿಲ್ಲ.

ಮರದ ಕೆಳಗಿನ ಇಳಿಜಾರಿನಲ್ಲಿ, ಗಿಡಗಳ ಮೇಲೆ ಕೆಸರು ಮೆತ್ತಿದ ಬೆನ್ನು ಕಂಡಿತು. ಅದರ ಆಚೆ, ಕೆರೆಯ ನೀರು ಹರಿದುಹೋಗುವ ಹಳ್ಳದ ಕಡೆಯಿಂದ ಸಣ್ಣ ದನಿ ಬಂತು.

“ಕೂ.”

ಬಿಸಿಲು ತಾಗಿ ಎಚ್ಚರವಾದ ಕೂಸು ತಂಪು ಹುಡುಕಿಕೊಂಡು ಹಳ್ಳಕ್ಕೆ ಇಳಿದಿತ್ತು. ಆನೆ ಸೊಪ್ಪು ಮುರಿಯುವುದನ್ನು ನಿಲ್ಲಿಸಿ ಕಿವಿ ಅಗಲಿಸಿತು. ಭಾಗಮ್ಮನ ಬಾಯಿ ತೆರೆದದ್ದನ್ನು ನಾನು ನೋಡಿದೆ.

ಗಿಡ್ಡಪ್ಪ ಅವಳ ತೋಳು ಹಿಡಿದ. “ಅನ್ಬೇಡ ಭಾಗಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ನೀನು ಕೂ ಅಂದ್ರೆ ಕೂಸು ನೆಟ್ಟಗೆ ಇಲ್ಲಿಗೇ ಬರ್ತದೆ,” ಎಂದು ಪಿಸುಗುಟ್ಟಿದ. ನೆಟ್ಟಗಿನ ದಾರಿಯಲ್ಲಿ ಆನೆ ನಿಂತಿತ್ತು. ಭಾಗಮ್ಮ ತಲೆಗೆ ಕಟ್ಟಿದ ವಸ್ತ್ರ ಎಳೆದು ಬಾಯಿಗೆ ತುರುಕಿಕೊಂಡಳು.

ಬೇಲಿ ಬದಿಯ ಚರಂಡಿಯಲ್ಲಿ ಸುತ್ತು ಹಾಕಿ ಹಳ್ಳ ಸೇರುವುದೊಂದೇ ಉಳಿದಿತ್ತು. ಗಿಡ್ಡಪ್ಪ ಆನೆಯ ಮೇಲೆ ಕಣ್ಣಿಟ್ಟು ಮರದ ಹತ್ತಿರವೇ ನಿಂತ, ಅವಳು ಇಳಿದಳು. ನಾನು ಯಾಕೆ ಹೋದೆನೋ, ಅವಳನ್ನು ಒಬ್ಬಳನ್ನೇ ಬಿಡಲು ಮನಸ್ಸು ಬರಲಿಲ್ಲ. ಒಣ ಎಲೆ ಕಾಲಿಗೆ ಸಿಕ್ಕರೆ ಪಟಪಟ ಅನ್ನುತ್ತದೆಂದು ಇಬ್ಬರೂ ಅಂಬೆಗಾಲಿಟ್ಟೆವು. ಕೂಸು ಮೊದಮೊದಲು ಆಟದ ದನಿಯಲ್ಲೇ ಕೂಗುತ್ತಿತ್ತು. ಆಮೇಲೆ ಸಿಟ್ಟು ಬಂತು. “ಅಜ್ಜೀ, ಕೂ ಅನ್ನು,” ಅಂದಿತು. ಆಮೇಲೆ ಅಳು. ಒಂದೊಂದು ಕೂಗಿಗೂ ಭಾಗಮ್ಮನ ಬೆನ್ನು ಏಟು ಬಿದ್ದಂತೆ ಅದುರುತ್ತಿತ್ತು. ಆಮೇಲೆ ಕೂಗು ನಿಂತೇ ಹೋಯಿತು, ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಆಗ ನಾನು ದೇವರಿಗೆ ಕೈ ಮುಗಿಯಲಿಲ್ಲ. ಬಾಯಿಗೆ ಬಂದಂತೆ ಮನಸ್ಸಿನಲ್ಲೇ ಬೈದೆ.

ಕೂಸು ಹಳ್ಳದ ನಡುವಿನ ಕಲ್ಲಿನ ಮೇಲೆ, ಕಾಲು ನೀರಿಗೆ ಇಳಿಬಿಟ್ಟು ಕೂತಿತ್ತು. ಹೇಳಿಕೊಟ್ಟಂತೆ ಇದ್ದಲ್ಲಿಂದ ಅಲ್ಲಾಡಿರಲಿಲ್ಲ. ಮೇಲಿನ ದಡದಲ್ಲಿ ಗಿಡಗಳು ತೂಗುತ್ತಿದ್ದವು. ಭಾಗಮ್ಮ ನೀರಿನಲ್ಲಿ ಸದ್ದಾಗದಂತೆ ಹಿಂದಿನಿಂದ ಹೋಗಿ, ಕೂಸಿನ ಬಾಯಿ ಮುಚ್ಚಿ, ಎತ್ತಿ ಎದೆಗೆ ಅವಚಿಕೊಂಡಳು. ಯಾರೆಂದು ತಿಳಿಯದೆ ಕೂಸು ಅವಳ ಕೈಯನ್ನು ಕಚ್ಚಿ ಹಿಡಿಯಿತು. ಅವಳು ಕೈ ತೆಗೆಯಲಿಲ್ಲ. ಹಳ್ಳದೊಳಗೇ ಕೆಳಗೆ ನಡೆದು ರಸ್ತೆಗೆ ಬಂದೆವು. ನಾವು ದಾಟಿದ ಮೇಲೆ ಆನೆ ಅದೇ ಕಲ್ಲಿನ ಹತ್ತಿರ ನೀರು ಕುಡಿಯಿತು ಎಂದು ಉಮೇಶ ಆಮೇಲೆ ಹೇಳಿದ.

ರಸ್ತೆ ಬದಿಯಲ್ಲಿ ಭಾಗಮ್ಮ ಕುಸಿದು ಕೂತಳು. ಕೂಸಿನ ಬೆನ್ನಿಗೆ ಒಂದೇಟು ಹೊಡೆದು, ಹೊಡೆದ ಜಾಗವನ್ನು ತಾನೇ ಉಜ್ಜುತ್ತ ಅತ್ತಳು. ಕೂಸು ಎರಡೂ ಕೈಯಲ್ಲಿ ಅವಳ ಮುಖವನ್ನು ಹಿಂದಕ್ಕೆ ತಳ್ಳಿತು.

“ನಾನು ಕೂ ಅಂದೆ. ನೀನು ಅನ್ಲೇ ಇಲ್ಲ.”

ನನಗೆ ತಡೆಯಲಾಗಲಿಲ್ಲ. “ಅಜ್ಜಿಗೆ ಕೇಳಿಸ್ಲಿಲ್ಲ ಮಗಾ, ದೂರ ಇದ್ಲು,” ಅಂದೆ.

“ಸುಳ್ಳು ಹೇಳ್ಬೇಡ ಅದಕ್ಕೆ,” ಅಂದಳು ಭಾಗಮ್ಮ. ಕೂಸಿನ ಕಡೆ ತಿರುಗಿ, “ಕೇಳ್ತು ಮಗಾ. ನೀನು ಕರೆದಿದ್ದು ಎಲ್ಲಾನೂ ಕೇಳ್ತು,” ಅಂದಳು.

ಕೂಸು ಅವಳನ್ನೇ ನೋಡಿತು. ಆಮೇಲೆ ಎರಡೂ ಕೈ ನನ್ನ ಕಡೆ ಚಾಚಿತು. ಲೈನಿನ ತನಕ ನಾನೇ ಎತ್ತಿಕೊಂಡು ಬಂದೆ. ಭಾಗಮ್ಮ ಹಿಂದಿನಿಂದ ಬರುತ್ತಿದ್ದಳು, ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.